ಲಲ್ಲಾ ತಾಮುವಿನ ಗುರುವಾರ

ಅತ್ತೆಯನ್ನು ಹಬೆಸ್ನಾನದ ಹಮ್ಮಾಮಿನಿಂದ ಮನೆಗೆ ತಂದದ್ದು ಹಿಟ್ಟಿನ ಮೂಟೆ ಸಾಗಿಸುವ ಕೈಗಾಡಿಯಲ್ಲಿ. ಮೆಕ್ನೆಸ್ ಊರಿನ ಹಳೇ ಪೇಟೆಯ ನಮ್ಮ ಓಣಿಗೆ ಕಾರು ನುಗ್ಗುವುದಿಲ್ಲ, ಆಂಬುಲೆನ್ಸ್ ಅಂತೂ ದೂರದ ಮಾತು. ಹಮ್ಮಾಮಿನಲ್ಲಿ ಹೆಂಗಸರ ಮೈ ತಿಕ್ಕುವ ಮುಬಾರ್ಕಾ ಗಾಡಿಯ ಮೇಲೆ ಎರಡು ಕಂಬಳಿ ಹಾಸಿ, ಅತ್ತೆಯನ್ನು ಮಲಗಿಸಿ, ಮೇಲೆ ಸಿಕ್ಕ ಸಿಕ್ಕ ಟವೆಲುಗಳನ್ನೆಲ್ಲ ಹೊದಿಸಿ ತಾನೇ ತಳ್ಳಿಕೊಂಡು ಬಂದಿದ್ದಳು. ನಾನು ಹೊಲಿಗೆ ಕಾರ್ಖಾನೆಯಿಂದ ಓಡಿ ಬರುವಷ್ಟರಲ್ಲಿ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಿತ್ತು. ಅತ್ತೆಗೆ ಅಷ್ಟೊತ್ತಿಗೆ ಎಚ್ಚರವಾಗಿತ್ತು.

"ನನ್ನ ಮುಖ ಮುಚ್ಚೇ ನಜಾತ್" ಎಂದರು. "ಈ ಓಣಿ ತುಂಬಾ ಕಣ್ಣು."

ಹಮ್ಮಾಮಿನಲ್ಲಿ ಒಂದರೊಳಗೊಂದು ಮೂರು ಕೋಣೆ. ಮೊದಲನೆಯದು ಬೆಚ್ಚಗೆ, ನಡುವಿನದು ಬಿಸಿ, ಕೊನೆಯದರಲ್ಲಿ ಉಸಿರೂ ಬೇಯುತ್ತದೆ. ಅತ್ತೆ ತಾಮು, ಓಣಿಯವರ ಬಾಯಲ್ಲಿ ಗೌರವದ 'ಲಲ್ಲಾ' ತಾಮು, ನಲವತ್ತು ವರ್ಷಗಳಿಂದ ಪ್ರತಿ ಗುರುವಾರ ಮಧ್ಯಾಹ್ನ ಕೂರುತ್ತಿದ್ದದ್ದು ಆ ಕೊನೆಯ ಕೋಣೆಯಲ್ಲಿ, ಬಿಸಿನೀರಿನ ತೊಟ್ಟಿಯ ಪಕ್ಕ. ಅವರಿಗೀಗ ಎಪ್ಪತ್ನಾಲ್ಕು. ಆ ದಿನ ತೊಟ್ಟಿಯಿಂದ ಬಕೆಟ್ ಎತ್ತಿಕೊಳ್ಳಲು ಎದ್ದವರು ಹಾಗೇ ಕುಸಿದಿದ್ದರು. ತಲೆ ನೆಲಕ್ಕೆ ಬಡಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ದಪ್ಪ ಹೆಂಗಸೊಬ್ಬಳ ಮಡಿಲಲ್ಲಿ ಬಿದ್ದದ್ದರಿಂದ ಬಚಾವಾದರು.

ಅದೇ ಗಾಡಿಯಲ್ಲಿ ಓಣಿಯ ತುದಿಗೆ ತಳ್ಳಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ತುರ್ತು ಚಿಕಿತ್ಸೆಯ ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು, ಒಂದು ಬಾಟಲಿ ಸಲೈನ್ ಏರಿಸಿದರು. ಹೊರಗೆ ಕಾಯುವವರ ಸಾಲು ಉದ್ದವಿತ್ತು. "ಇನ್ನು ಮೇಲೆ ಹಮ್ಮಾಮ್ ಬೇಡ" ಎಂದರು, ಅಷ್ಟೆ. ಲಾರಿ ಓಡಿಸುವ ನನ್ನ ಗಂಡ ಇದ್ರಿಸ್ ಆಗ ಅಗಾದಿರದ ದಾರಿಯಲ್ಲಿದ್ದ. ಫೋನಿನಲ್ಲಿ ಅವನೂ ಅದನ್ನೇ ಹೇಳಿದ. "ಅಮ್ಮ ಹಟಮಾರಿ. ನೀನು ಗಟ್ಟಿಯಾಗಿ ನಿಂತ್ಕೋ."

ನಾನು ಗಟ್ಟಿಯಾಗಿ ನಿಂತೆ. ಅತ್ತೆಯ ಮುಂದಲ್ಲ, ಅವರ ಬೆನ್ನ ಹಿಂದೆ. ಮುಬಾರ್ಕಾಳ ಹತ್ತಿರ ಹೋಗಿ, "ಅವರೇನಾದ್ರೂ ಬಂದ್ರೆ ಒಳಗೆ ಬಿಡ್ಬೇಡಿ, ವಾಪಸ್ ಕಳ್ಸಿ" ಎಂದು ಹೇಳಿ ಬಂದೆ. ಅತ್ತೆಯ ಜೊತೆ ಕೂತು ಮಾತಾಡುವುದಕ್ಕಿಂತ ಇದು ಸುಲಭವೆನಿಸಿತ್ತು. ದಿನವಿಡೀ ಮಿಶನ್ ತುಳಿದು ಬಂದವಳಿಗೆ ಸುಲಭವಾದದ್ದೇ ಸರಿಯಾಗಿಯೂ ಕಾಣುತ್ತದೆ.

ಮನೆಯಲ್ಲೇ ಸ್ನಾನಕ್ಕೆ ಏರ್ಪಾಟು ಮಾಡಿದೆ. ಪ್ಲಾಸ್ಟಿಕ್ ಸ್ಟೂಲು, ಜಾರದ ರಬ್ಬರ್ ಚಾಪೆ, ಗೋಡೆಗೆ ಹಿಡಿಕೆ. ನಮ್ಮ ಬಚ್ಚಲೆಂದರೆ ತಾರಸಿಗೆ ಹತ್ತುವ ಮೆಟ್ಟಿಲ ಕೆಳಗಿನ ಒಂದು ಗೂಡು. ಬಾಗಿಲು ಮುಚ್ಚಿ ಗ್ಯಾಸ್ ಗೀಸರ್ ಹಚ್ಚಲು ನನಗೆ ಭಯ. ಆ ವಿಷಗಾಳಿಗೆ ವಾಸನೆ ಇರುವುದಿಲ್ಲ, ಸ್ನಾನಕ್ಕೆ ಕೂತವರು ಕೂತ ಹಾಗೇ ಹೋಗಿಬಿಡುತ್ತಾರೆ. ಬಾಗಿಲು ತೆರೆದಿಟ್ಟರೆ ತಾರಸಿಯ ಚಳಿ ನೇರ ಒಳಗೆ. ಕೊನೆಗೆ ಅಡುಗೆಮನೆಯಲ್ಲಿ ನೀರು ಕಾಯಿಸಿ ಹೊತ್ತುಕೊಂಡು ಹೋಗುತ್ತಿದ್ದೆ.

"ಇದು ಸ್ನಾನಾನಾ?" ಅತ್ತೆ ಹಲ್ಲು ಕಟಕಟಿಸುತ್ತ ಕೇಳುತ್ತಿದ್ದರು. "ಹೆಣ ತೊಳೆಯೋರು ಇದಕ್ಕಿಂತ ಚೆನ್ನಾಗಿ ತೊಳೀತಾರೆ."

ಐದನೇ ವಾರದ ಗುರುವಾರ ನಾನು ಕೆಲಸಕ್ಕೆ ಹೋಗಿದ್ದಾಗ ಅವರು ತಮ್ಮ ಬುಟ್ಟಿ ಜೋಡಿಸಿಕೊಂಡು ಹೊರಟಿದ್ದಾರೆ. ಕಪ್ಪು ಸಾಬೂನು, ಮೈ ತಿಕ್ಕುವ ಒರಟು ಕೈಗವಸು, ಬದಲಿ ಬಟ್ಟೆ, ಎರಡು ಕಿತ್ತಳೆ. ಕಾಲು ಗಂಟೆಯ ದಾರಿ ನಡೆದು ಹಮ್ಮಾಮಿನ ಬಾಗಿಲಿಗೆ ಹೋದರೆ ಮುಬಾರ್ಕಾ ಅಡ್ಡ ನಿಂತಿದ್ದಾಳೆ. ಒಳಗಿನಿಂದ ಹೊರಗೆ ಬರುತ್ತಿದ್ದ ಹೆಂಗಸರು, ಹೊರಗಿನಿಂದ ಒಳಗೆ ಹೋಗುತ್ತಿದ್ದ ಹೆಂಗಸರು, ಎಲ್ಲರ ಎದುರಿಗೆ, "ಲಲ್ಲಾ, ಕ್ಷಮಿಸ್ಬೇಕು, ನಿಮ್ಮ ಸೊಸೆ ಬಿಡಬೇಡಿ ಅಂತ ಹೇಳಿದ್ದಾಳೆ" ಎಂದಿದ್ದಾಳೆ.

ಅಂದು ಸಂಜೆಯಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. ಏನಾದರೂ ಬೇಕಿದ್ದರೆ ನನ್ನ ಮಗಳು ಶೈಮಾಳ ಮೂಲಕ. ನಾನು ಅಲ್ಲೇ ಎರಡು ಮಾರು ದೂರದಲ್ಲಿರುತ್ತಿದ್ದೆ.

"ನಿಮ್ಮಮ್ಮಂಗೆ ಹೇಳು, ಸೂಪಿಗೆ ಉಪ್ಪು ಕಮ್ಮಿ."

"ಅಜ್ಜಿಗೆ ಹೇಳು, ಬಿ.ಪಿ. ಇರೋರಿಗೆ ಅಷ್ಟೇ ಉಪ್ಪು."

"ನಿಮ್ಮಮ್ಮಂಗೆ ಹೇಳು, ಬಿ.ಪಿ. ನನಗಿಂತ ಅವಳಿಗೇ ಜಾಸ್ತಿ."

"ನೀವಿಬ್ರೂ ಒಂದೇ ಸಲ ಜಗಳ ಆಡ್ಕೊಳ್ಳಿ, ನನಗೆ ಹೋಮ್‌ವರ್ಕ್ ಇದೆ" ಎನ್ನುತ್ತಿದ್ದಳು ಶೈಮಾ.

ಇದು ನಗುವ ವಿಷಯವಾಗಿ ಉಳಿಯಲಿಲ್ಲ. ಅತ್ತೆ ಮನೆಯಿಂದ ಹೊರಗೆ ಕಾಲಿಡುವುದನ್ನೇ ನಿಲ್ಲಿಸಿದರು. ನಾವಿರುವುದು ಮೇಲಿನ ಅಂತಸ್ತಿನಲ್ಲಿ, ಕಡಿದಾದ ಇಪ್ಪತ್ತೆರಡು ಮೆಟ್ಟಿಲು. ಹಮ್ಮಾಮಿಲ್ಲದ ಮೇಲೆ ಇಳಿಯುವುದಕ್ಕೆ ಕಾರಣವೇ ಇರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಗೋಡೆ ಬದಿಯ ದಿವಾನದ ಮೇಲೆ ಒಂದೇ ಕಡೆ. ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದರೆ ಊಟ ಮುಗಿಯಿತು. ಎರಡು ತಿಂಗಳಲ್ಲಿ ಅವರ ತೊಡೆಗಳು ನನ್ನ ತೋಳಿನಷ್ಟಾದವು. ದಿವಾನದಿಂದ ಏಳಲು ಎರಡೂ ಕೈ ಊರಿ, ಒಮ್ಮೆ ಮುಂದೆ, ಒಮ್ಮೆ ಹಿಂದೆ ತೂಗಿ, ಮೂರನೆಯ ಸಲಕ್ಕೆ ಏಳುತ್ತಿದ್ದರು.

ಒಂದು ಮಂಗಳವಾರ ನಾನು ಕೆಲಸ ಮುಗಿಸಿ ಬಂದಾಗ ಮನೆ ನಿಶ್ಶಬ್ದವಾಗಿತ್ತು. ಅತ್ತೆ ಶೌಚಾಲಯದಲ್ಲಿದ್ದರು. ಕೂತವರಿಗೆ ಏಳಲು ಆಗಿರಲಿಲ್ಲ. ಎಷ್ಟು ಹೊತ್ತಾಯಿತೆಂದು ಕೇಳಿದರೆ ಹೇಳಲಿಲ್ಲ. ನಡುಹಗಲಿನ ಬಾಂಗ್ ಕೇಳಿಸಿತ್ತು ಎಂದಷ್ಟೇ ಶೈಮಾಳಿಗೆ ಹೇಳಿದರು. ಆ ದಿನ ಶೈಮಾ ಊಟಕ್ಕೂ ಬಾರದೆ ಶಾಲೆಯಲ್ಲೇ ಉಳಿದಿದ್ದಳು, ನಾನು ಬಂದಾಗ ಮೂರೂವರೆ ಗಂಟೆ ದಾಟಿತ್ತು.

ಆ ಸಂಜೆ ಇದ್ರಿಸ್ ಫೋನಿನಲ್ಲಿ, "ಹಿಂಗಾದ್ರೆ ಒಬ್ಬರನ್ನೇ ಬಿಟ್ಟು ಹೋಗೋಕಾಗಲ್ಲ" ಎಂದ. "ತಂಜಾದಲ್ಲಿ ಅಕ್ಕನ ಮನೆಗೆ ಕಳ್ಸೋಣ. ಅಕ್ಕ ಮನೇಲೇ ಇರ್ತಾಳೆ. ಇಲ್ಲಾ ನೀನು ಕೆಲಸ ಬಿಡು."

"ಅಕ್ಕನ ಮನೆ ಐದನೇ ಮಹಡಿ. ಅಲ್ಲಿ ಯಾರ ಪರಿಚಯ ಇದೆ ಇವರಿಗೆ?"

"ಇಲ್ಲಿ ಮಾತ್ರ ಯಾರ ಜೊತೆ ಮಾತಾಡ್ತಿದ್ದಾರೆ?"

ಮಾತೆಲ್ಲ ಅತ್ತೆಯ ಕಿವಿಗೆ ಬಿದ್ದಿತ್ತು. ಮುಖ ಗೋಡೆ ಕಡೆಗೆ ತಿರುಗಿಸಿ ಮಲಗಿದ್ದರು. "ತಂಜಾದಲ್ಲಿ ಗಾಳಿ ಜಾಸ್ತಿ" ಎಂದರು, ಗೋಡೆಗೆ.

ಭಾನುವಾರ ನಾನೇ ಹಮ್ಮಾಮಿಗೆ ಹೋದೆ. ಮೈ ತೊಳೆಯಲು ಹೋದದ್ದೋ, ಮುಬಾರ್ಕಾಳ ಮೇಲೆ ರೇಗಲು ಹೋದದ್ದೋ ನನಗೇ ಸ್ಪಷ್ಟವಿರಲಿಲ್ಲ. ಅವಳು ನನ್ನನ್ನು ಬೋರಲು ಮಲಗಿಸಿ ಬೆನ್ನು ತಿಕ್ಕತೊಡಗಿದಳು. ಆ ಸ್ಥಿತಿಯಲ್ಲಿ ಯಾರೂ ಯಾರ ಮೇಲೂ ರೇಗಲಾರರು.

"ಲಲ್ಲಾ ತಾಮು ಹೆಂಗಿದ್ದಾರೆ?"

"ಕಾಲು ಸೋತಿದೆ. ನನ್ನ ಜೊತೆ ಮಾತಿಲ್ಲ."

"ಇರುತ್ತೆ ಮತ್ತೆ. ನನ್ನ ಕೈಯಲ್ಲಿ ಮಾಡಿಸ್ದೆಯಲ್ಲ ಆ ಕೆಲಸಾನ. ಅವತ್ತಿಂದ ನನಗೂ ಸರಿಯಾಗಿ ಊಟ ಸೇರಿಲ್ಲ." ಅವಳ ಕೈ ಒಂದು ಕ್ಷಣ ನಿಂತಿತು. "ಒಂದು ಮಾತು ಕೇಳ್ತೀನಿ. ಅವರು ಬಿದ್ದ ದಿನ ಏನು ತಿಂದಿದ್ರು ಅಂತ ವಿಚಾರಿಸಿದ್ಯಾ?"

"ಡಾಕ್ಟರ್ ಕೇಳ್ಲಿಲ್ಲ."

"ಡಾಕ್ಟರ್ ಹಾಳಾಗ್ಲಿ, ನೀನು?"

"ಇಲ್ಲ."

"ಏನೂ ತಿಂದಿರ್ಲಿಲ್ಲ. ಯಾವತ್ತೂ ತಿನ್ನಲ್ಲ. ತುಂಬಿದ ಹೊಟ್ಟೇಲಿ ಬಂದ್ರೆ ಶಾಖ ಹೊಟ್ಟೇಲೇ ನಿಂತ್ಬಿಡುತ್ತೆ, ಮೂಳೆಗೆ ಇಳಿಯಲ್ಲ ಅನ್ನೋದು ಹಳಬರ ನಂಬಿಕೆ. ನೀರೂ ಕುಡಿಯಲ್ಲ. ನೀರು ಕುಡಿದ್ರೆ ನಡುವೆ ಎದ್ದು ಹೋಗ್ಬೇಕಾಗುತ್ತೆ, ತೊಟ್ಟಿ ಪಕ್ಕದ ಜಾಗ ಬೇರೆಯವಳ ಪಾಲಾಗುತ್ತೆ. ವಯಸ್ಸಿರೋವಾಗ ಸರಿ. ಈಗ ಮಾತ್ರೆ ಬೇರೆ ನುಂಗ್ತಾರೆ."

"ಬೆಳಗ್ಗೆ ಎರಡು, ರಾತ್ರಿ ಒಂದು. ನಾನೇ ಪೊಟ್ಟಣ ಕಟ್ಟಿಡ್ತೀನಿ."

ಮುಬಾರ್ಕಾ ನಕ್ಕಳು. "ಗುರುವಾರ ಮಾತ್ರ ಮೂರೂ ಬೆಳಗ್ಗೇನೇ. ಹಮ್ಮಾಮ್ ಆದ್ಮೇಲೆ ಬೆಂದ ಶ್ಯಾವಿಗೆ ಥರ ಬಿದ್ದಿರ್ತೀನಿ, ರಾತ್ರಿ ಮಾತ್ರೆಗೆ ಅಂತ ಯಾರು ಏಳ್ತಾರೆ, ಒಂದೇ ಸಲಕ್ಕೆ ಮುಗಿಸಿಬಿಡ್ತೀನಿ ಅಂತ ನನ್ನ ಹತ್ರಾನೇ ಹೇಳಿದ್ರು. ಅದರಲ್ಲೇನಿದೆ, ನಾನೂ ಹಂಗೇ ಮಾಡೋದು."

ನಾನು ಎದ್ದು ಕೂತೆ. ಪ್ರತಿ ಗುರುವಾರ ರಾತ್ರಿ ಆ ಪೊಟ್ಟಣ ಖಾಲಿ ಇರುವುದನ್ನು ನೋಡಿ, ಸದ್ಯ ಮರೆಯದೆ ತೆಗೆದುಕೊಂಡಿದ್ದಾರೆ ಎಂದು ನೆಮ್ಮದಿಯಿಂದ ಮಲಗುತ್ತಿದ್ದವಳು ನಾನು.

"ಬೆನ್ನು ಅರ್ಧ ಆಗಿದೆ, ಮಲಕ್ಕೋ" ಎಂದಳು ಮುಬಾರ್ಕಾ.

"ನೀವೂ ಇನ್ನು ಮೇಲೆ ಹಂಗೆ ಮಾಡ್ಬೇಡಿ."

"ನಾನು ದಿನಾ ಹಮ್ಮಾಮಲ್ಲೇ ಇರ್ತೀನಲ್ಲೇ!" ಎಂದವಳು ಗಪ್ಪನೆ ಸುಮ್ಮನಾದಳು. ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ.

ಮನೆಗೆ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತೆ. ಅವರು ಚಹಾದ ಕೆಟಲಿನ ಮುಚ್ಚಳ ಒರೆಸುತ್ತಿದ್ದರು.

"ಅತ್ತೆ, ಬಾಗಿಲಲ್ಲಿ ತಡೀರಿ ಅಂತ ಮುಬಾರ್ಕಾಗೆ ಹೇಳಿದ್ದು ನನ್ನ ತಪ್ಪು. ಹೇಳೋದಿದ್ರೆ ನಿಮ್ಮ ಮುಂದೆ ಹೇಳ್ಬೇಕಿತ್ತು."

"ಯಾರೋ ಮಾತಾಡಿದ ಹಂಗಾಯ್ತು" ಎಂದರು ಕೆಟಲಿಗೆ.

"ಗುರುವಾರ ಮೂರೂ ಮಾತ್ರೆ ಒಟ್ಟಿಗೆ ನುಂಗ್ತಿದ್ರಂತೆ."

ಮುಚ್ಚಳ ಒರೆಸುವುದು ನಿಂತಿತು. "ಮುಬಾರ್ಕಾ ಬಾಯಿ ಅಲ್ಲ, ಹಮ್ಮಾಮಿನ ಚರಂಡಿ. ಎಲ್ಲಾ ಹೊರಗೆ ಹರಿಯುತ್ತೆ."

"ಡಾಕ್ಟರ್ ಹತ್ರ ಹೋಗಿ ಇದನ್ನೆಲ್ಲಾ ಹೇಳೋಣ. ಹಮ್ಮಾಮ್ ಪೂರ್ತಿ ಬಿಡ್ಬೇಕಾ ಅಂತ ಸರಿಯಾಗಿ ಕೇಳೋಣ. ತುರ್ತು ವಿಭಾಗದೋರಲ್ಲ, ನಮ್ಮ ಬಡಾವಣೆ ಆರೋಗ್ಯ ಕೇಂದ್ರದ ಸಿಹಾಮ್."

ಅತ್ತೆ ಮುಚ್ಚಳವನ್ನು ಕೆಟಲಿಗೆ ಕೂರಿಸಿದರು. ಆಮೇಲೆ ಎರಡು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಮುಖ ನೋಡಿ ಕೇಳಿದರು. "ಹೂಂ ಅಂದ್ರೆ ತಂಜಾ ತಪ್ಪುತ್ತಾ?"

"ಕಾಲಿಗೆ ಬಲ ಬಂದ್ರೆ ತಪ್ಪುತ್ತೆ." ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಆರೋಗ್ಯ ಕೇಂದ್ರಕ್ಕೆ ಹೋಗಲು ಮೆಟ್ಟಿಲು ಇಳಿಯುವುದಕ್ಕೇ ಕಾಲು ಗಂಟೆ ಹಿಡಿಯಿತು. ಡಾಕ್ಟರ್ ಸಿಹಾಮ್ ಮೂವತ್ತರ ಹುಡುಗಿ. ಅತ್ತೆಯನ್ನು ಮಲಗಿಸಿ ಒಮ್ಮೆ, ಎಬ್ಬಿಸಿ ನಿಲ್ಲಿಸಿ ಮತ್ತೊಮ್ಮೆ ಬಿ.ಪಿ. ನೋಡಿದಳು. ಮಲಗಿದ್ದಾಗ ಇದ್ದದ್ದು ನಿಂತಾಗ ಧಡ್ಡನೆ ಇಳಿಯಿತು. ಮಾತ್ರೆಗಳನ್ನು ಮೇಜಿನ ಮೇಲೆ ಹರಡಿ, ಅದರಲ್ಲೊಂದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

"ಇದು ಮೈಯೊಳಗಿನ ನೀರನ್ನ ಮೂತ್ರದಲ್ಲಿ ಹೊರಗೆ ಹಾಕೋ ಮಾತ್ರೆ. ಇದನ್ನ ನುಂಗಿ, ಬರೀ ಹೊಟ್ಟೇಲಿ, ನೀರೂ ಕುಡೀದೆ, ಇನ್ನೂ ಒಂದು ಮಾತ್ರೆ ಜಾಸ್ತಿ ಸೇರಿಸಿ ಅಷ್ಟು ಬಿಸೀಲಿ ಬೆವರಿದ್ರೆ ನಾನೂ ಬೀಳ್ತೀನಿ ಅಮ್ಮ. ಇದನ್ನ ಅರ್ಧ ಮಾಡ್ತೀನಿ. ರಾತ್ರಿದು ರಾತ್ರಿಗೇ. ನೀವಾಗೇ ಏನೂ ಕೂಡಿಸ್ಬೇಡಿ, ಬಿಡ್ಲೂ ಬೇಡಿ."

"ಹಾಗಾದ್ರೆ ಗುರುವಾರ ಹೋಗ್ಲಾ?"

ಡಾಕ್ಟರ್ ಕೈಯಾಸರೆ ಇಲ್ಲದ ಒಂದು ಕುರ್ಚಿಯನ್ನು ಎಳೆದು ಗೋಡೆಗೆ ಆನಿಸಿಟ್ಟಳು. "ಇದರ ಮೇಲೆ ಕೂತು, ಎರಡೂ ಕೈ ಎದೆ ಮೇಲೆ ಕಟ್ಕೊಂಡು, ಐದು ಸಲ ಎದ್ದು ಕೂತು ತೋರ್ಸಿ."

"ನೀನು ಯಾರ ಮಗಳೇ?"

"ಯಾರ ಮಗಳಾದ್ರೂ ಐದೇ ಸಲ."

ಅತ್ತೆ ಒಮ್ಮೆ ಎದ್ದರು. ಎರಡನೆಯ ಸಲ ಅರ್ಧಕ್ಕೆ ಎದ್ದು ಹಿಂದಕ್ಕೆ ಕುಸಿದರು. ಕಿವಿಯ ತನಕ ಕೆಂಪಾದರು.

"ಒಂದು ತಿಂಗಳು ಬಿಟ್ಟು ಬನ್ನಿ" ಎಂದಳು ಸಿಹಾಮ್. "ದಿನಕ್ಕೆ ಮೂರು ಹೊತ್ತು ಈ ಅಭ್ಯಾಸ, ಪಕ್ಕದಲ್ಲಿ ಯಾರಾದ್ರೂ ಇರ್ಲಿ. ಸ್ವಲ್ಪ ಸ್ವಲ್ಪ ನಡೀಬೇಕು. ಚಹಾ-ರೊಟ್ಟಿ ಊಟ ಅಲ್ಲ. ಮೊಟ್ಟೆ, ಬೇಳೆ, ಮೀನು, ಏನಾದ್ರೂ ಸರಿ. ನಿಂತಾಗ ಬಿ.ಪಿ. ಇಳೀಬಾರ್ದು, ಐದು ಸಲ ಏಳ್ಬೇಕು. ಆಮೇಲೆ ಹಮ್ಮಾಮಿನ ಮಾತು. ಆಗ್ಲಿಲ್ಲ ಅಂದ್ರೆ ನಾನೂ ಬೇಡ ಅಂತೀನಿ."

ಹೊರಗೆ ಬಂದ ಮೇಲೆ ಅತ್ತೆ, "ಮೊದಲನೇ ಡಾಕ್ಟರೇ ವಾಸಿ, ಬೇಗ ಮುಗಿಸ್ದ" ಎಂದರು.

ಆ ತಿಂಗಳು ನಮ್ಮ ಮನೆಯಲ್ಲಿ ಮೂರು ಹೊತ್ತೂ ಎಣಿಕೆ. ಬೆಳಿಗ್ಗೆ ನಾನು ಹೊರಡುವ ಮುಂಚೆ, ಶೈಮಾ ಶಾಲೆಯಿಂದ ಊಟಕ್ಕೆ ಬಂದಾಗ, ಸಂಜೆ ಇಬ್ಬರ ಎದುರಿಗೆ. ಮೊದಲ ವಾರ ದಿವಾನದ ಮೇಲೆ ದಿಂಬು ಪೇರಿಸಿ ಎತ್ತರ ಮಾಡಿದೆವು. ವಾರಕ್ಕೊಂದು ದಿಂಬು ಕಡಿಮೆ. ಅತ್ತೆ ಮೋಸವನ್ನೂ ಮಾಡುತ್ತಿದ್ದರು.

"ಅಜ್ಜಿ, ಮೊಣಕೈ ಊರಿದ್ರಿ. ಇದು ಲೆಕ್ಕಕ್ಕಿಲ್ಲ."

"ಮೊಣಕೈ ಕೈಯಾ? ಡಾಕ್ಟರ್ ಕೈ ಅಂದಿದ್ದು."

ಮೊಟ್ಟೆ ಕೊಟ್ಟರೆ, "ದಿನಾ ಮೊಟ್ಟೆ ತಿಂದು ಕೂಗೋಕೆ ಶುರು ಮಾಡಿದ್ರೆ ನೀನೇ ಹೊಣೆ" ಎನ್ನುತ್ತ ತಿನ್ನುತ್ತಿದ್ದರು. ಬೇಳೆಯನ್ನು ಜೀರಿಗೆ, ಬೆಳ್ಳುಳ್ಳಿ ಹಾಕಿ ಗಟ್ಟಿಯಾಗಿ ಮಾಡಿದರೆ ಎರಡನೇ ಬಟ್ಟಲೂ ಇಳಿಯುತ್ತಿತ್ತು. ನಾನು ಬಂದ ಮೇಲೆ ಮೆಟ್ಟಿಲು. ಮೊದಲ ದಿನಗಳಲ್ಲಿ ನಡುವಿನ ಕಟ್ಟೆಯ ತನಕ ಹೋಗಿ ವಾಪಸ್. ಎರಡನೇ ವಾರ ಬೀದಿಯ ತನಕ. ಮೂರನೇ ವಾರ ಓಣಿಯ ತುದಿಯಲ್ಲಿ ಎಲ್ಲ ಮನೆಗಳ ರೊಟ್ಟಿ ಸುಡುವ ಒಲೆಯ ತನಕ. ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತು, ಬೇರೆಯವರ ಹಿಟ್ಟು ಹೇಗೆ ಸರಿಯಾಗಿ ಹುದುಗಿಲ್ಲ ಎಂದು ಹೇಳಿ ಬರುತ್ತಿದ್ದರು.

ಒಂದು ದಿನ ಹಟ ಹಿಡಿದು ದಿಂಬಿಲ್ಲದೆ ಏಳಲು ಹೋಗಿ ಪಕ್ಕಕ್ಕೆ ವಾಲಿದರು. ನಾನು ಹಿಡಿದೆ. ಇಬ್ಬರೂ ದಿವಾನದ ಮೇಲೆ ಬಿದ್ದೆವು. ಅವರು ನನ್ನ ಕೈ ಬಿಡಲಿಲ್ಲ.

"ಆಗಲ್ಲ ಕಣೇ. ತಂಜಾಗೆ ಬಟ್ಟೆ ಕಟ್ಟು."

"ನಾಳೆ ಕಟ್ತೀನಿ. ಈಗ ಇನ್ನೊಂದು ಸಲ ಏಳಿ."

"ನಿನಗೆ ಕರುಣೆ ಅನ್ನೋದೇ ಇಲ್ಲ."

"ಇಲ್ಲ. ದಿಂಬಿಡ್ತೀನಿ, ಏಳಿ."

ಎದ್ದರು. ಬಟ್ಟೆ ಕಟ್ಟುವ ಮಾತು ಮತ್ತೆ ಬರಲಿಲ್ಲ.

ತಿಂಗಳು ಮುಗಿದ ಮೇಲೆ ಮತ್ತೆ ಅದೇ ಕುರ್ಚಿ. ನಿಂತಾಗಿನ ಬಿ.ಪಿ. ಈ ಬಾರಿ ಇಳಿಯಲಿಲ್ಲ. ಅತ್ತೆ ಕೈ ಕಟ್ಟಿಕೊಂಡರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಾಲು ನಡುಗಿ ಅರ್ಧಕ್ಕೇ ನಿಂತರು. ಸಿಹಾಮ್ ಹತ್ತಿರ ಬಂದಳು, ಮುಟ್ಟಲಿಲ್ಲ. ಅತ್ತೆ ದೇವರ ಹೆಸರು ಹೇಳಿ ಎದ್ದರು. ಐದನೆಯದನ್ನು ಕಣ್ಣು ಮುಚ್ಚಿ ಮುಗಿಸಿ, ಕೂರದೆ ನಿಂತೇ ಇದ್ದರು.

"ಈಗ ಹೇಳು" ಎಂದರು ಏದುಸಿರು ಬಿಡುತ್ತ.

"ಹೋಗ್ಬಹುದು" ಎಂದಳು ಡಾಕ್ಟರ್. "ಕೊನೇ ಕೋಣೆ ಬೇಡ."

"ನನ್ನ ಜಾಗ ಇರೋದೇ ಅಲ್ಲಿ."

"ಬೇಡ ಅಂದ್ರೆ ಬೇಡ. ಎರಡನೇ ಕೋಣೆ, ಬಾಗಿಲ ಹತ್ರ, ಅರ್ಧ ಗಂಟೆ. ಮುಂಚೆ ತಿಂದಿರ್ಬೇಕು, ನೀರಿನ ಬಾಟಲಿ ಪಕ್ಕದಲ್ಲಿರ್ಬೇಕು. ಬಕೆಟ್ ಬೇರೆಯವರು ಎತ್ಲಿ. ಏಳೋ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕೂತಿರಿ. ಜೊತೆಗೆ ಒಬ್ಬರು ಇರ್ಲೇಬೇಕು."

"ಮುಕ್ಕಾಲು ಗಂಟೆ."

"ಅರ್ಧ."

ಆ ಗುರುವಾರ ನಾನು ಅರ್ಧ ದಿನ ರಜೆ ಹಾಕಿದೆ. ಹರೀರಾ ಸೂಪು, ಒಂದು ತುಂಡು ರೊಟ್ಟಿ ನನ್ನ ಕಣ್ಣೆದುರೇ ತಿನ್ನಿಸಿದೆ. ನಡುವೆ ಎರಡು ಕಡೆ ಕೂತು ಹಮ್ಮಾಮ್ ತಲುಪಿದೆವು. ಮುಬಾರ್ಕಾ ಬಾಗಿಲಲ್ಲೇ ಇದ್ದಳು. ಅತ್ತೆಯ ಕೈಗೆ, ಆಮೇಲೆ ಹಣೆಗೆ ಮುತ್ತಿಟ್ಟಳು. ಅತ್ತೆ, "ಹೂಂ, ದಾರಿ ಬಿಡು, ಇವತ್ತು ಸೊಸೆ ಜೊತೇಲೇ ಇದ್ದಾಳೆ" ಎಂದಷ್ಟೇ ಹೇಳಿದರು.

ಎರಡನೇ ಕೋಣೆಯಲ್ಲಿ ಬಾಗಿಲ ಬಳಿ ಸ್ಟೂಲು ಇಟ್ಟೆ. ಕೊನೆಯ ಕೋಣೆಯ ಕಮಾನಿನ ಆಚೆಯಿಂದ, ಹಬೆಯೊಳಗಿನಿಂದ, ಯಾರೋ ಗುರುತು ಹಿಡಿದರು.

"ತಾಮು ಬಂದಳಾ? ಅಯ್ಯೋ, ಬಾ ಬಾ, ನಿನ್ನ ಜಾಗ ಖಾಲಿ ಮಾಡ್ತೀನಿ!"

ಅತ್ತೆ ಎದ್ದು ನಿಂತರು. ನಾನೂ ಅವರ ಹಿಂದೆಯೇ ಎದ್ದೆ. ಅವರು ಕಮಾನಿನ ಹತ್ತಿರ ನಡೆದು ಒಳಗೆ ಇಣುಕಿದರು. ತೊಟ್ಟಿಯ ಪಕ್ಕದ ಜಾಗ ನಿಜಕ್ಕೂ ಖಾಲಿಯಾಗುತ್ತಿತ್ತು. ಬಕೆಟ್‌ಗಳನ್ನು ಸರಿಸುವ ಸದ್ದು ಕೇಳಿಸುತ್ತಿತ್ತು. ಅವರು ಗೋಡೆಗೆ ಕೈಯಿಟ್ಟು ಅಲ್ಲೇ ನಿಂತಿದ್ದರು.

"ಡಾಕ್ಟರ್ ನನಗೆ ಜಾಗ ಬದಲಾಯಿಸಿದ್ದಾಳೆ" ಎಂದರು ಜೋರಾಗಿ. "ಮಾತಾಡ್ಬೇಕಿದ್ರೆ ನೀವೇ ಈ ಕಡೆ ಬನ್ನಿ. ನನಗೆ ಅರ್ಧ ಗಂಟೆ ಮಾತ್ರ ಟೈಮು."

ಒಳಗೆ ನಗು ಎದ್ದಿತು. ಆಮೇಲೆ ಮೂವರು ಮುದುಕಿಯರು ಬಕೆಟ್, ಸ್ಟೂಲು ಹಿಡಿದು ಒಬ್ಬರ ಹಿಂದೊಬ್ಬರು ಹೊರಗೆ ಬಂದರು. ನಾಲ್ಕನೆಯವಳು ಬರಲಿಲ್ಲ. ಅತ್ತೆಯ ಜಾಗದಲ್ಲಿ ಅವಳು ಕೂತಳೆಂದು ಆಮೇಲೆ ತಿಳಿಯಿತು. ವಾಪಸ್ ಬರುವಾಗ ಅತ್ತೆ ದಾರಿಯುದ್ದಕ್ಕೂ ಅವಳನ್ನೇ ಬೈಯುತ್ತ ನಡೆದರು. ಆಯಾಸವೇ ತೋರಲಿಲ್ಲ.

ಮನೆ ಹತ್ತಿರ ಬಂದಾಗ, "ಮುಂದಿನ ವಾರ ನೀನು ಬರ್ಬೇಡ" ಎಂದರು.

"ಯಾಕೆ?"

"ನಿನ್ನ ಕಣ್ಣು ಗಡಿಯಾರದ ಮೇಲೇ. ನಿನ್ನ ಜೊತೆ ಸ್ನಾನ ಮಾಡಿದ್ರೆ ಬಸ್ಸು ಹಿಡಿಯೋಕೆ ಹೊರಟ ಹಂಗಿರುತ್ತೆ. ಮುಬಾರ್ಕಾ ಬಂದು ಕರ್ಕೊಂಡು ಹೋಗ್ತಾಳೆ, ಅವಳೇ ಬಾಗಿಲ ತನಕ ಬಿಡ್ತಾಳೆ. ಮಾತಾಡಿ ಆಗಿದೆ."

ನನಗೆ ಒಂದು ಕ್ಷಣ ಬೇಸರವೂ ಆಯಿತು, ಹಗುರವೂ ಆಯಿತು. ರಜೆ ಕೇಳಬೇಕಿಲ್ಲ. "ಊಟ ಮಾಡೇ ಹೋಗ್ಬೇಕು" ಎಂದೆ.

"ಮೊಟ್ಟೆ ಬೇಯಿಸಿಟ್ಟು ಹೋಗು."

ಮುಂದಿನ ಗುರುವಾರ ಕಾರ್ಖಾನೆಯಲ್ಲಿ ಎರಡು ಗಂಟೆಯಿಂದ ನನ್ನ ಹೊಲಿಗೆ ನೇರ ಬರಲಿಲ್ಲ. ಮೇಲ್ವಿಚಾರಕಿ ಎರಡು ಅಂಗಿಗಳ ಹೊಲಿಗೆ ಬಿಚ್ಚಿಸಿದಳು. ಫೋನು ಬರಲಿಲ್ಲ. ಬಂದಿದ್ದರೆ ಕೆಟ್ಟ ಸುದ್ದಿಯೇ ಇರುತ್ತಿತ್ತು. ಹಾಗಾಗಿ ಬಾರದ ಫೋನನ್ನೇ ನೋಡುತ್ತ ಸಮಯ ಕಳೆದೆ. ಕೆಲಸ ಬಿಟ್ಟ ಕೂಡಲೇ ನಡೆದೆ, ಓಣಿಗೆ ಬಂದ ಮೇಲೆ ಓಡಿದೆ.

ಬೀದಿಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲೆ ನೀರಿನ ಹನಿಗಳಿದ್ದವು, ಒದ್ದೆ ಟವೆಲಿನ ಬುಟ್ಟಿಯಿಂದ ತೊಟ್ಟಿಕ್ಕಿದ್ದು. ಒಂದೊಂದು ಮೆಟ್ಟಿಲಿಗೆ ಎರಡೋ ಮೂರೋ. ನಡುವಿನ ಕಟ್ಟೆಯ ಮೇಲೆ ಅಂಗೈ ಅಗಲದ ನೀರು ನಿಂತಿತ್ತು. ಬುಟ್ಟಿ ಕೆಳಗಿಟ್ಟು ಅಲ್ಲಿ ದಣಿವಾರಿಸಿಕೊಂಡಿದ್ದರು. ಅಲ್ಲಿಂದ ಮುಂದೆ ಹನಿಗಳು ಮತ್ತೆ ಮೇಲಕ್ಕೆ ಹೋಗಿದ್ದವು.

"ಯಾರದು? ನಜಾತಾ?" ಮೇಲಿನಿಂದ ದನಿ ಬಂತು. "ಕೆಳಗಿನ ಬಾಗಿಲು ಹಾಕ್ಕೊಂಡು ಬಾರೇ. ಹಮ್ಮಾಮಿಂದ ಬಂದ ಮೈ, ಗಾಳಿ ಹೊಡೆಯುತ್ತೆ."

ನಾನು ಕೆಳಗಿಳಿದು ಬಾಗಿಲು ಹಾಕಿದೆ.